ಅಳೆದವರು: ನನ್ನ ಚಿಕ್ಕಪ್ಪ

9 ಏಪ್ರಿಲ್
38 ಡಿಗ್ರಿ

ಫ್ಯೂಸಮ್ಮನಿಗೆ,

ಮುಗಿಯಿತು ಕಣಮ್ಮ. ಮೂವತ್ತೆರಡು ಟ್ರಾನ್ಸಿಸ್ಟರು, ಒಂದೊಂದಕ್ಕೆ ಎಂಟು ಅಳತೆ, ಹನ್ನೊಂದು ದಿನ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಅಳೆದೆ, ಒಂದು ದಿನವೂ ಹೊತ್ತು ತಪ್ಪಿಸಲಿಲ್ಲ. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಳೆಗಳನ್ನು ಇದರ ಜೊತೆಗೇ ಮಡಚಿ ಇಟ್ಟಿದ್ದೇನೆ.

ನಿನ್ನ ಚಿಕ್ಕಮ್ಮ ಬಂದು ಬಾಗಿಲಲ್ಲಿ ನಿಂತು, "ಆ ತಗಡಿನ ಶೆಡ್ಡಲ್ಲಿ ಬೇಯ್ತಾ ಹಳೇ ಡಬ್ಬಿಯಲ್ಲಿರೋ ಹುಳಗಳನ್ನ ಎಣಿಸ್ತಿದೀರಲ್ಲ, ತಲೆ ನೆಟ್ಟಗಿದೆಯಾ?" ಎಂದು ಕೇಳಿದಳು. ಅವಳಿಗೇನು ಗೊತ್ತು! ಈ ಜಾತಿಯ ಜರ್ಮೇನಿಯಂ ಟ್ರಾನ್ಸಿಸ್ಟರು ತಯಾರಾಗುವುದು ನಿಂತು ಎಷ್ಟೋ ವರ್ಷವಾಯಿತು. ಆದರೆ ಹಳೆಯ ರೇಡಿಯೋಗಳಲ್ಲಿ, ಶಾಲೆಗಳ ಕಪಾಟುಗಳಲ್ಲಿ ಇನ್ನೂ ರಾಶಿ ಬಿದ್ದಿವೆ. ಇವುಗಳ ಅಂಕಿ ನಿಮ್ಮ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಇಲ್ಲವೇ ಇಲ್ಲ, ಕೇಳುವವರು ಮಾತ್ರ ತುಂಬಾ ಜನ ಎಂದು ನೀನೇ ಬರೆದಿದ್ದೆ. ಈಗ ಇದೆ, ತಗೋ.

ನೀನು ಹೇಳುವುದು ನನಗೆ ಇನ್ನೂ ಪೂರ್ತಿ ತಲೆಗೆ ಹತ್ತಿಲ್ಲ. ಬೆಸುಗೆ ಇಲ್ಲ, ಹೊಗೆ ಇಲ್ಲ, ಬೆರಳು ಸುಡುವುದಿಲ್ಲ. ಪರದೆಯ ಮೇಲೆ ಚಿತ್ರ ಬರೆದು ಗುಂಡಿ ಒತ್ತಿದರೆ ಸರ್ಕ್ಯೂಟು ನಡೆಯುತ್ತದಂತೆ. ನಡೆಯುವುದು ಸರ್ಕ್ಯೂಟಲ್ಲ ತಾಯಿ, ನಾವು ಕೊಟ್ಟ ಅಂಕಿ. ಅಂಕಿ ಕೆಟ್ಟರೆ ಪರದೆಯ ಮೇಲೆ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಮೇಜಿನ ಮೇಲೆ ಏನೂ ಮಾತಾಡುವುದಿಲ್ಲ. ಅದಕ್ಕೇ ಹನ್ನೊಂದು ದಿನ ತೆಗೆದುಕೊಂಡೆ.

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮೇಜಿನ ಒಂದು ಕಾಲು ಕುಂಟುತ್ತಿದೆ.

ಚಿಕ್ಕಪ್ಪ


27 ಏಪ್ರಿಲ್

ಚಿಕ್ಕಪ್ಪ, ನಮಸ್ಕಾರ, ಸಾಷ್ಟಾಂಗ, ಎಲ್ಲ ಒಟ್ಟಿಗೆ!

ನಿಮ್ಮ ಹಾಳೆಗಳು ಬಂದ ದಿನ ಆಫೀಸಿನಲ್ಲಿ ನನಗೆ ಕೆಲಸವೇ ಓಡಲಿಲ್ಲ. ನಮ್ಮ ಕಂಪನಿಯ ತೂಕದ ಯಂತ್ರಗಳು ಒಂದು ದಿನ ತೂಗದಿದ್ದರೆ ಏನೂ ಮುಳುಗಿಹೋಗುವುದಿಲ್ಲ ಎಂದುಕೊಂಡು, ಊಟದ ಬಿಡುವಿನಲ್ಲೇ ಅಂಕಿಗಳನ್ನು ತುಂಬಿಸಲು ಕೂತೆ. ಮೂರೇ ದಿನದಲ್ಲಿ ಮುಗಿಸಿ ಪ್ರೋಗ್ರಾಮಿಗೆ ಸೇರಿಸಿಬಿಟ್ಟೆ. ನೀವು ಹನ್ನೊಂದು ದಿನ, ನಾನು ಮೂರು. ಅವಸರಕ್ಕೆ ತಟ್ಟನೆ ಹಾರುವವಳು ಎಂದೇ ಅಲ್ಲವೇ ನೀವು ನನ್ನನ್ನು ಫ್ಯೂಸಮ್ಮ ಎಂದು ಕರೆಯುವುದು!

ಇದು ಯಾರೊಬ್ಬರ ಸ್ವತ್ತೂ ಅಲ್ಲದ ಪ್ರೋಗ್ರಾಂ ಎಂದು ಹೇಳಿದ್ದೆನಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು, ತಪ್ಪಿದ್ದರೆ ತಿದ್ದಬಹುದು. ಆದರೆ ತಿದ್ದಿದವರು ಯಾರು, ಯಾವತ್ತು, ಯಾಕೆ ಎಂಬುದು ಜೊತೆಗೇ ಬರೆದಿರುತ್ತದೆ. ಅದನ್ನು ಆಮೇಲೆ ಅಳಿಸಲು ಬರುವುದಿಲ್ಲ. ನಿಮ್ಮ ಟ್ರಾನ್ಸಿಸ್ಟರಿನ ಫೈಲಿನ ಮೊದಲ ಸಾಲು ಏನು ಗೊತ್ತೇ? "ಅಳೆದವರು: ನನ್ನ ಚಿಕ್ಕಪ್ಪ, ರೇಡಿಯೋ ಮೆಕ್ಯಾನಿಕ್." ಈಗ ಯಾವುದೋ ಊರಿನಲ್ಲಿ ಯಾರೋ ನಿಮ್ಮ ಅಂಕಿ ಹಾಕಿಕೊಂಡು ರೇಡಿಯೋ ಕಟ್ಟುತ್ತಿರುತ್ತಾರೆ. ಅಪ್ಪ ತೀರಿಕೊಂಡ ವರ್ಷ ನನ್ನ ಕೈಗೆ ಕರೆಂಟು ಅಳೆಯುವ ಮೀಟರಿನ ಕಡ್ಡಿ ಕೊಟ್ಟು "ಹೆದರ್ಬೇಡ, ಹಿಡ್ಕೋ" ಎಂದಿದ್ದಿರಲ್ಲ, ಅದಕ್ಕೆ ಇದು ನನ್ನ ಕಡೆಯಿಂದ.

ಒಂದು ತಕರಾರು. ಕಾಗದದ ಮೇಲೆ ಬಿಸಿಲಿನ ವರದಿ ಸರಿ, ಅಂಕಿಯ ಹಾಳೆಗಳ ಮೇಲೂ ಬೇಕೇ? ಹನ್ನೊಂದು ಹಾಳೆಗೂ ಮೂವತ್ತೆಂಟು, ಮೂವತ್ತೆಂಟು! ಅಲ್ಲಿ ಸೆಕೆ ಎಂದು ಒಪ್ಪಿಕೊಂಡೆ ಚಿಕ್ಕಪ್ಪ. ಒಂದು ಫ್ಯಾನು ಹಾಕಿಸಿಕೊಳ್ಳಿ, ನೀರು ಕುಡಿಯಿರಿ.

ನಿಮ್ಮ ಫ್ಯೂಸು


15 ಮೇ
39 ಡಿಗ್ರಿ

ಫ್ಯೂಸಮ್ಮನಿಗೆ,

ಪಕ್ಕದ ಅಂಗಡಿಯ ಟೈಲರಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಅವನು ತನ್ನ ಫೋನಿನಲ್ಲಿ ಆ ಫೈಲಿನ ಪುಟ ಹುಡುಕಿ ತೆಗೆದು, ಅಳತೆ ಕೊಡಲು ಬಂದವರಿಗೆಲ್ಲ ತೋರಿಸುತ್ತಿದ್ದಾನೆ. ಒಬ್ಬರ ಕುತ್ತಿಗೆಗೆ ಟೇಪು ಸುತ್ತಿ ಹಾಗೇ ಬಿಟ್ಟು, "ನೋಡಿ ಸಾರ್, ನಾನೂ ಅಳೀತೀನಿ, ಇವರೂ ಅಳೀತಾರೆ, ಇವರ ಅಳತೆ ಮಾತ್ರ ಪ್ರಪಂಚಕ್ಕೇ ಹೋಗಿದೆ" ಅಂದ. ಆ ಮನುಷ್ಯ ಪಾಪ, ಉಸಿರು ಬಿಗಿ ಹಿಡಿದು ನಿಂತಿದ್ದ.

ನನಗೂ ಒಳಗೊಳಗೇ ಹಿಗ್ಗು. ಯಾಕೆ ಸುಳ್ಳು ಹೇಳಲಿ? ನಲವತ್ತು ವರ್ಷ ಬೇರೆಯವರ ರೇಡಿಯೋ ಬಿಚ್ಚಿ ಮುಚ್ಚಿದ್ದೇನೆ. ರಿಪೇರಿಯಾದ ಪೆಟ್ಟಿಗೆಯ ಮೇಲೆ ಯಾರೂ ಮೆಕ್ಯಾನಿಕ್ಕಿನ ವಿಷಯ ಬರೆಯುವುದಿಲ್ಲ. ಮುಚ್ಚಳ ಮುಚ್ಚಿದ ಮೇಲೆ ನಾನು ಅದರೊಳಗೆ ಕೈ ಹಾಕಿದ್ದೆ ಎಂಬುದೇ ಗೊತ್ತಾಗಬಾರದು, ಅದೇ ಒಳ್ಳೆಯ ಕೆಲಸ. ಆದರೂ ಆ ಒಂದು ಸಾಲನ್ನು ಟೈಲರ್ ಓದಿದಾಗಲೆಲ್ಲ ಬೇರೇನೋ ಹುಡುಕುವವನ ಹಾಗೆ ನಟಿಸುತ್ತಾ ಕೇಳಿಸಿಕೊಳ್ಳುತ್ತೇನೆ.

ಆ ಅಂಕಿಗಳನ್ನು ಹಾಕಿಕೊಂಡು ಯಾರಾದರೂ ಏನಾದರೂ ಕಟ್ಟಿದರೆ ನನಗೆ ತಿಳಿಸು. ಮಾತಾಡಿತೇ ಎಂದು ಕೇಳಿ ಹೇಳು.

ಮೇಜು ಇನ್ನೂ ಕುಂಟುತ್ತಿದೆ.

ಚಿಕ್ಕಪ್ಪ


30 ಜುಲೈ

ಚಿಕ್ಕಪ್ಪನವರಿಗೆ ನಮಸ್ಕಾರ.

ಮೂರು ತಿಂಗಳಾಯಿತು ಬರೆಯದೆ, ಬೇಜಾರು ಮಾಡಿಕೊಳ್ಳಬೇಡಿ. ಕೆಲಸ ತಲೆಯ ಮೇಲೆ ಬಂದಿತ್ತು. ಮೇ ಕಾಗದದ ಮೇಲೆ ನೀವೂ ಬರೆಯಲಿಲ್ಲವಲ್ಲ, ಲೆಕ್ಕ ಸಮವಾಯಿತು.

ಒಂದು ಸಂತೋಷದ ಸುದ್ದಿ. ಪ್ರೋಗ್ರಾಮಿನಲ್ಲಿ ಇರುವ ಸಾವಿರಾರು ಬಿಡಿಭಾಗಗಳ ಅಂಕಿಗಳಿಗೆಲ್ಲ ಒಬ್ಬರು ಜವಾಬ್ದಾರರು ಬೇಕಿತ್ತು. ಇದಕ್ಕೆ ದುಡಿಯುವವರೆಲ್ಲ ಸೇರಿ ನನ್ನನ್ನು ಆರಿಸಿದ್ದಾರೆ. ಇನ್ನು ಮುಂದೆ ಯಾರ ಅಂಕಿ ಒಳಗೆ ಬರಬೇಕು, ಯಾರದ್ದು ಬೇಡ ಎಂದು ನೋಡುವವಳು ನಾನು.

ಇನ್ನೊಂದು ವಿಷಯ, ಅಂಥ ದೊಡ್ಡದೇನಲ್ಲ. ನಿಮ್ಮ ಟ್ರಾನ್ಸಿಸ್ಟರಿನ ಫೈಲನ್ನು ಸದ್ಯಕ್ಕೆ ತೆಗೆದಿಟ್ಟಿದ್ದೇವೆ. ದೂರದ ಒಂದು ಶಾಲೆಯ ವಿಜ್ಞಾನದ ಮೇಷ್ಟ್ರು ಅದನ್ನು ನಂಬಿಕೊಂಡು ಮಕ್ಕಳ ಕೈಯಲ್ಲಿ ನಲವತ್ತು ಪುಟ್ಟ ರೇಡಿಯೋ ಕಟ್ಟಿಸಿದ್ದರಂತೆ. ಮಾತಾಡಲಿಲ್ಲವಂತೆ. ಎಲ್ಲೋ ಏನೋ ಹೊಂದಿಕೆಯಾಗಿಲ್ಲ. ಇಂಥದ್ದು ನಮ್ಮಲ್ಲಿ ಆಗುತ್ತಲೇ ಇರುತ್ತದೆ, ಯಾರ ತಪ್ಪೂ ಅಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಚಿಕ್ಕಮ್ಮನ ಮಂಡಿನೋವು ಹೇಗಿದೆ?

ನಿಮ್ಮ ಫ್ಯೂಸು


16 ಆಗಸ್ಟ್

ಚಿ. ಸೌ. ಮಗಳಿಗೆ ಆಶೀರ್ವಾದಗಳು.

ಕಾಗದ ತಲುಪಿತು. ನಿನ್ನನ್ನು ಆರಿಸಿದ್ದು ಕೇಳಿ ತುಂಬಾ ಸಂತೋಷವಾಯಿತು. ಅವರು ಸರಿಯಾದವರನ್ನೇ ಆರಿಸಿದ್ದಾರೆ.

ಫೈಲು ತೆಗೆದದ್ದು ಒಳ್ಳೆಯದಾಯಿತು. ತೆಗೆದೇ ಇರಲಿ. ಮತ್ತೆ ಹಾಕುವ ಅಗತ್ಯವಿಲ್ಲ.

ಆ ನಲವತ್ತು ಮಕ್ಕಳು ತುಂಬಾ ಬೇಜಾರು ಮಾಡಿಕೊಂಡರೇ? ಮೇಷ್ಟ್ರ ವಿಳಾಸವಿದ್ದರೆ ಕಳಿಸು. ಬೇರೇನಕ್ಕೂ ಅಲ್ಲ.

ಮಂಡಿನೋವು ಕಡಿಮೆಯಾಗಿದೆ.

ಇಂತು,
ಚಿಕ್ಕಪ್ಪ


2 ಸೆಪ್ಟೆಂಬರ್

ಚಿಕ್ಕಪ್ಪ,

ಇದೇನು ಇಷ್ಟು ಚಿಕ್ಕ ಕಾಗದ? "ಇಂತು" ಬೇರೆ! ಸರ್ಕಾರಿ ಕಚೇರಿಯಿಂದ ಬಂದ ಹಾಗಿತ್ತು. ಮುನಿಸಿಕೊಂಡಿದ್ದೀರಾ? ಫೈಲು ತೆಗೆದದ್ದಕ್ಕೆ ಕೋಪವಿದ್ದರೆ ನಾಲ್ಕು ಮಾತು ಬೈದುಬಿಡಿ, ಹೀಗೆ ಬಿಗಿದುಕೊಂಡು ಕೂರಬೇಡಿ. ಮೇಷ್ಟ್ರ ವಿಳಾಸ ಹಿಂಭಾಗದಲ್ಲಿ ಬರೆದಿದ್ದೇನೆ. ಅವರಿಗೆ ನೀವು ಬರೆಯಬೇಕಾದ ಅಗತ್ಯವೇನೂ ಇಲ್ಲ.

ಅಂದಹಾಗೆ ಒಂದು ಮಾತು. ಏಪ್ರಿಲ್‌ನಲ್ಲಿ ಅಳೆದಾಗ ಶೆಡ್ಡಿನೊಳಗೆ ಎಷ್ಟು ಬಿಸಿ ಇತ್ತು ಎಂದು ನಿಮಗೆ ನೆನಪಿದೆಯೇ? ಅಂಕಿ ಬರೆದುಕೊಂಡಿದ್ದೇನಾದರೂ ಇದೆಯೇ? ಸುಮ್ಮನೆ ಕೇಳಿದೆ.

ಫ್ಯೂಸು


20 ಸೆಪ್ಟೆಂಬರ್

ಚಿ. ಸೌ. ಮಗಳಿಗೆ ಆಶೀರ್ವಾದಗಳು.

ಕೋಪವಿಲ್ಲ. ನಿನ್ನ ಮೇಲೆ ಕೋಪ ಮಾಡಿಕೊಳ್ಳುವ ಯೋಗ್ಯತೆ ನನಗಿಲ್ಲ.

ಬಿಸಿ ಎಷ್ಟಿತ್ತೆಂದು ಈಗ ನೆನಪಿಲ್ಲ. ನೆನಪಿದೆ ಎಂದು ನಾನು ಹೇಳಿದರೂ ನೀನು ನಂಬಬಾರದು. ನನ್ನ ಯಾವ ಅಂಕಿಯನ್ನೂ ನಂಬಬೇಡ.

ಅಂಗಡಿ ಚೆನ್ನಾಗಿ ನಡೆಯುತ್ತಿದೆ.

ಇಂತು,
ಚಿಕ್ಕಪ್ಪ


11 ಅಕ್ಟೋಬರ್

ಮಗಳೇ,

ನಾನು ನಿನ್ನ ಚಿಕ್ಕಮ್ಮ. ನಂಗೆ ಕಾಗದ ಬರೆಯೋ ಅಭ್ಯಾಸ ಇಲ್ಲ, ಬಾಯಿಗೆ ಬಂದ ಹಾಗೇ ಬರೀತಿದೀನಿ. ಇವರು ಹೊರಗೆ ಹೋಗಿದಾರೆ. ಬರೆದಿದ್ದು ಗೊತ್ತಾದ್ರೆ ಮನೇಲಿ ಜಗಳ ಆಗತ್ತೆ, ಆಗ್ಲಿ ಬಿಡು.

ಅಂಗಡಿ ಮುಚ್ಚಿ ಮೂರು ತಿಂಗಳಾಯ್ತು. ನಿಂಗೆ ಚೆನ್ನಾಗಿ ನಡೀತಿದೆ ಅಂತ ಬರೆದಿರ್ತಾರೆ, ಗೊತ್ತು ನಂಗೆ. ಆ ದೊಡ್ಡ ಮೀಟರನ್ನ ಇಲ್ಲಿ ದುಡಿಯೋ ಹುಡುಗರು ಓದೋ ಸಂಜೆ ಶಾಲೆಗೆ ಕೊಟ್ಟುಬಿಟ್ರು. ಮದುವೆಗೆ ಮುಂಚೆಯಿಂದ ಇದ್ದ ಮೀಟರದು. ನಾನು ಮುಟ್ಟಿದ್ರೆ ಬೈತಿದ್ರು, ಅಷ್ಟು ಜೋಪಾನ.

ಆಗಿದ್ದು ಇಷ್ಟು. ಜೂನ್ ತಿಂಗಳಲ್ಲಿ ಟೈಲರ್ ಎಂದಿನ ಹಾಗೆ ಫೋನ್ ತೆಗೆದು ಆ ಪುಟ ನೋಡಿದಾನೆ. ಅಲ್ಲಿ ನಿನ್ನ ಹೆಸರಲ್ಲಿ ಹೊಸದೇನೋ ಬರೆದಿತ್ತಂತೆ. ಇವರು "ಓದಯ್ಯ, ಓದು" ಅಂತ ಖುಷಿಯಿಂದ ಹೇಳಿದಾರೆ. ಅವನು ಮೊದಲು ಆಗಲ್ಲ ಅಂದ, ಆಮೇಲೆ ಅರ್ಥ ಹೇಳಿದ. ಈ ಅಂಕಿಗಳನ್ನ ಕೊಟ್ಟವರು ಕೈ ನಡುಗೋ ವಯಸ್ಸಿನ ಒಬ್ಬ ಮೆಕ್ಯಾನಿಕ್, ಮೀಟರೂ ಹಳೇದು, ನಂಬೋ ಹಾಗಿಲ್ಲ, ಮನೆಯವರು ಅನ್ನೋ ಸಲಿಗೇಲಿ ಸೇರಿಸಿಬಿಟ್ಟೆ, ಕ್ಷಮಿಸಿ ಅಂತ. ಇವರು ಮನೆಗೆ ಬಂದು ಮಲಗಿದ್ರು. ಹಾಡಹಗಲಲ್ಲಿ ಮಲಗೋ ಮನುಷ್ಯ ಅಲ್ಲ.

ಕೈ ನಡುಗೋದು ನಿಜ ಮಗಳೇ. ಹೋದ ವರ್ಷದಿಂದ. ಯಾರಿಗೂ ಹೇಳಬೇಡ ಅಂದಿದ್ರು, ನಿಂಗಂತೂ ಹೇಳಲೇಬಾರದು ಅಂದಿದ್ರು. ನೀನು ಹೇಗೆ ಕಂಡುಹಿಡಿದ್ಯೋ! ಇವರು ಏನಂತಾರೆ ಗೊತ್ತಾ? "ಅಕ್ಷರ ನೋಡಿಯೇ ಗೊತ್ತು ಮಾಡ್ಕೊಂಡಿದಾಳೆ. ಆದ್ರೂ ನನ್ನ ಮುಂದೆ ಯಾರ ತಪ್ಪೂ ಅಲ್ಲ ಅಂತ ಬರೀತಾಳೆ. ನನ್ನ ಮಾನ ಕಾಪಾಡ್ತಿದಾಳೆ ಕಣೇ, ದೊಡ್ಡ ಮನಸ್ಸು ಅವಳದ್ದು" ಅಂತಾರೆ. ಹೇಳ್ತಾ ಹೇಳ್ತಾ ಕಣ್ಣಲ್ಲಿ ನೀರು.

ನಂಗೆ ಒಂದು ಅರ್ಥ ಆಗಲ್ಲ. ಆ ಹನ್ನೊಂದು ದಿನ ಇವರು ಕಡ್ಡಿಯನ್ನ ಕೈಯಲ್ಲಿ ಹಿಡಿದೇ ಇಲ್ಲ. ನನ್ನ ಬಟ್ಟೆ ಕ್ಲಿಪ್ಪೆಲ್ಲ ಎತ್ಕೊಂಡು ಹೋಗಿ ಅದಕ್ಕೆ ಸಿಕ್ಕಿಸಿ, ಕೈ ಬಿಟ್ಟು, ದೂರ ಕೂತು ಮುಳ್ಳು ನೋಡ್ತಿದ್ರು. ನನ್ನ ಬಟ್ಟೆಗಳು ಗಾಳಿಗೆ ಹಾರಿ ಚರಂಡಿ ಪಾಲಾದ್ವು. ಹಾಗಿದ್ರೂ ತಪ್ಪು ಹೇಗಾಯ್ತು? ಕೇಳಿದ್ರೆ, "ಆಗಿರತ್ತೆ ಬಿಡು, ಅವಳು ಕಲಿತವಳು" ಅಂತಾರೆ.

ಹೋದ ವಾರ ಆ ಮೇಷ್ಟ್ರಿಗೆ ಕಾಗದ ಬರೆದ್ರು. ಮೂರು ದಿನ ಹಿಡೀತು. ಹರಿದು ಹರಿದು ಬರೆದ್ರು. ಏನು ಬರೆದ್ರಿ ಅಂದ್ರೆ, "ತಪ್ಪು ನಂದು ಅಂತ ಬರೆದೆ" ಅಂದ್ರು.

ನೀನು ಒಂದು ಸಲ ಬರೆದು ಸಮಾಧಾನ ಹೇಳು. ನಿನ್ನ ಮಾತಾದ್ರೆ ಕೇಳ್ತಾರೆ.

ಚಿಕ್ಕಮ್ಮ


19 ಅಕ್ಟೋಬರ್

ಚಿಕ್ಕಪ್ಪ,

ಈ ಕಾಗದವನ್ನು ಚಿಕ್ಕಮ್ಮನಿಗೂ ಓದಿ ಹೇಳಿ. ಅವರು ಬರೆದಿದ್ದಕ್ಕೆ ಅವರನ್ನು ಬೈಯಬೇಡಿ. ಬೈಯುವುದೇನಿದ್ದರೂ ನನ್ನನ್ನು ಬೈಯಿರಿ.

ನಿಮ್ಮ ಅಂಕಿಗಳಲ್ಲಿ ತಪ್ಪಿರಲಿಲ್ಲ. ಒಂದರಲ್ಲೂ ಇರಲಿಲ್ಲ. ತಪ್ಪು ಮಾಡಿದ್ದು ನಾನು. ಅದು ಆಗಸ್ಟ್ ಕೊನೆಯ ವಾರದಿಂದಲೇ ನನಗೆ ಗೊತ್ತಿದೆ.

ಜೂನ್ ತಿಂಗಳಲ್ಲಿ ಮೇಷ್ಟ್ರು ನಮ್ಮ ಚರ್ಚೆಯ ಪುಟದಲ್ಲಿ ಎಲ್ಲರೆದುರಿಗೆ ಬರೆದರು. ಶಾಲೆಯ ಪ್ರದರ್ಶನದ ದಿನ ಅಪ್ಪ ಅಮ್ಮಂದಿರು ಬಂದು ನಿಂತಿದ್ದರಂತೆ, ಮಕ್ಕಳು ಸಾಲಾಗಿ ನಿಂತು ನಲವತ್ತು ರೇಡಿಯೋಗಳ ಗುಂಡಿ ತಿರುಗಿಸಿದರಂತೆ, ಒಂದೂ ಉಸಿರೆತ್ತಲಿಲ್ಲವಂತೆ. "ಇದು ಯಾರ ಅಳತೆ?" ಎಂದು ಕೇಳಿದ್ದರು. ಅದೇ ವಾರ ಜವಾಬ್ದಾರಿ ಯಾರಿಗೆ ಕೊಡಬೇಕು ಎಂಬ ಮಾತು ನಡೆದಿತ್ತು, ನನ್ನ ಹೆಸರು ಮುಂದಿತ್ತು. ಆಫೀಸಿನಲ್ಲಿ ಊಟದ ಡಬ್ಬಿ ತೆರೆದೇ ಇತ್ತು. ಅದನ್ನು ಮುಚ್ಚುವಷ್ಟೂ ತಾಳ್ಮೆಯಿಲ್ಲದೆ, ಹತ್ತು ನಿಮಿಷದಲ್ಲಿ ಉತ್ತರ ಬರೆದೆ. ಕ್ಷಮೆ ಕೇಳುವ ಹಾಗೆ ಬರೆದು ನಿಮ್ಮನ್ನು ದೂರಿದೆ. ಎಲ್ಲರೂ ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು ಚಿಕ್ಕಪ್ಪ. ಆ ಹೊಗಳಿಕೆಯನ್ನು ನಾನು ಇಟ್ಟುಕೊಂಡೆ.

ನಿಮ್ಮ ಕೈ ನಡುಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ಮೇಜಿನ ಕಾಲು ಕುಂಟುತ್ತಿದೆ ಎಂದು ಬರೆದಿದ್ದಿರಿ, ನಾನು ನಂಬಿದ್ದೆ. "ಕೈ ನಡುಗುವ ವಯಸ್ಸು" ಎಂಬುದು ಬಾಯಿಗೆ ಬಂದ ಮಾತು, ಓದಿದವರಿಗೆ ನಿಮ್ಮ ಮೇಲೆ ಕನಿಕರ ಬರಲಿ, ನನ್ನ ಮೇಲಿನ ಸಿಟ್ಟು ಇಳಿಯಲಿ ಎಂದು ಕಟ್ಟಿದ ಮಾತು. ನೀವು ಅದನ್ನು ನನ್ನ ದೊಡ್ಡ ಮನಸ್ಸು ಎಂದಿರಂತೆ. ಚಿಕ್ಕಮ್ಮನ ಕಾಗದದಲ್ಲಿ ಆ ಸಾಲು ಓದಿದ ಮೇಲೆಯೇ ಇದನ್ನು ಬರೆಯಲು ಕೂತೆ.

ಆಗಸ್ಟ್‌ನಲ್ಲಿ ನಿಮ್ಮ ಹಾಳೆಗಳನ್ನು ಇನ್ನೊಮ್ಮೆ ತೆಗೆದೆ. ಹನ್ನೊಂದು ಹಾಳೆ, ಹನ್ನೊಂದರ ಮೇಲೂ ಮೂವತ್ತೆಂಟು. ನಾನು ಬಿಸಿಲಿನ ವರದಿ ಎಂದು ಗೇಲಿ ಮಾಡಿದ್ದು ಅದನ್ನೇ. ಯಾರೂ ಬೇರೆ ಹೇಳದಿದ್ದರೆ ಪ್ರೋಗ್ರಾಂ ಎಲ್ಲ ಅಳತೆಯನ್ನೂ ಇಪ್ಪತ್ತೇಳು ಡಿಗ್ರಿಯಲ್ಲಿ ಆದದ್ದು ಎಂದೇ ತಿಳಿಯುತ್ತದೆ. ಈ ಹಳೆಯ ಟ್ರಾನ್ಸಿಸ್ಟರುಗಳು ಮುಚ್ಚಿದರೂ ತೊಟ್ಟಿಕ್ಕುವ ನಲ್ಲಿಯ ಹಾಗೆ, ಬಿಸಿ ಏರಿದಷ್ಟೂ ಸೋರುವುದು ಹೆಚ್ಚು. ಹನ್ನೊಂದು ಡಿಗ್ರಿಗೆ ಎರಡು ಪಟ್ಟಿಗಿಂತ ಹೆಚ್ಚು. ನೀವು ಮಧ್ಯಾಹ್ನ ಒಂದೇ ಹೊತ್ತಿನಲ್ಲಿ ಅಳೆದದ್ದು ಅದಕ್ಕೇ. ನನಗೆ ಬಿಡಿಸಿ ಹೇಳಬೇಕಾಗಿಲ್ಲ ಎಂದು ನೀವು ನಂಬಿದ್ದಿರಿ. ನಾನು ನಿಮ್ಮ ಬಿಸಿಯನ್ನು ಬಿಟ್ಟು ಅಂಕಿಯನ್ನು ಮಾತ್ರ ತುಂಬಿಸಿದ್ದೆ. ಟ್ರಾನ್ಸಿಸ್ಟರು ತಂಪಿನಲ್ಲೂ ಅಷ್ಟೇ ಸೋರುತ್ತದೆ ಎಂದು ಪ್ರೋಗ್ರಾಂ ತಿಳಿಯಿತು, ಅದನ್ನು ನಂಬಿ, ಸೋರಿ ಬರುವುದೇ ಸಾಕೆಂದು ಮೇಷ್ಟ್ರು ಕರೆಂಟು ಕಡಿಮೆ ಕೊಟ್ಟರು. ರೇಡಿಯೋಗಳು ಹಸಿದುಕೊಂಡೇ ಕೂತವು.

ಫೈಲಿಗೆ ಒಂದು ಸಾಲು ಸೇರಿಸಿದೆ, ಅಳೆದದ್ದು ಮೂವತ್ತೆಂಟರಲ್ಲಿ ಎಂದು. ಎಲ್ಲವೂ ಸರಿಹೋಯಿತು. ಯಾಕೆ ತಿದ್ದಿದೆ ಎಂದು ಬರೆಯುವ ಜಾಗದಲ್ಲಿ "ಸಣ್ಣ ತಿದ್ದುಪಡಿ" ಎಂದಷ್ಟೇ ಬರೆದೆ. ಮೇಷ್ಟ್ರಿಗೆ ಹೇಳಲಿಲ್ಲ, ಹೇಳಿದರೆ ಏನು ತಪ್ಪಿತ್ತು ಎಂದು ಕೇಳುತ್ತಾರಲ್ಲ. ಕರೆಂಟು ತಡೆಯುವ ರೆಸಿಸ್ಟರ್ ಒಂದೊಂದನ್ನು ಬದಲಾಯಿಸಿದರೆ ಮಾತಾಡುವ ನಲವತ್ತು ರೇಡಿಯೋ ಇವತ್ತಿಗೂ ಅವರ ಕಪಾಟಿನಲ್ಲಿವೆ.

ಆಮೇಲೆ ನಿಮ್ಮನ್ನು ಬಿಸಿ ಎಷ್ಟಿತ್ತೆಂದು ಕೇಳಿದೆ. ಸುಮ್ಮನೆ ಕೇಳಿದೆ ಎಂದೆ. ಸುಮ್ಮನೆ ಅಲ್ಲ. ನಿಮಗೆ ನೆನಪಿಲ್ಲ ಎಂದರೆ ನಾನು ಬಚಾವು ಎಂದುಕೊಂಡು ಕೇಳಿದ್ದು. ನೆನಪಿಲ್ಲ ಎಂದು ನೀವು ಬರೆದಾಗ ನನಗೆ ಹಾಯೆನಿಸಿತು. ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟವಾಗಿದೆ.

ಫ್ಯೂಸು ಎಂದು ಕರೆದಿರಿ. ಅದು ತಾನು ಸುಟ್ಟು ಬೇರೆಯದನ್ನು ಉಳಿಸಬೇಕು. ಆ ಹೆಸರು ಹಾಕಿ ಸಹಿ ಮಾಡಲು ಕೈ ಬರುತ್ತಿಲ್ಲ.

ನಿಮ್ಮ ಅಣ್ಣನ ಮಗಳು


14 ನವೆಂಬರ್

ಚಿಕ್ಕಪ್ಪ,

ನಿಮ್ಮಿಂದ ಉತ್ತರವಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಎಲ್ಲರೆದುರು ಏನು ಬರೆದಿದ್ದೇನೆ ಎಂದು ನೀವು ಟೈಲರ್ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಲಿ:

"ಈ ಟ್ರಾನ್ಸಿಸ್ಟರಿನ ಅಳತೆಗಳು ಮೊದಲಿನಿಂದಲೂ ಸರಿಯಾಗಿದ್ದವು. ಅಳೆದವರು ಪ್ರತಿ ಹಾಳೆಯ ಮೇಲೂ ಉಷ್ಣಾಂಶ ಬರೆದಿದ್ದರು. ನಾನು ಓದಲಿಲ್ಲ. ಜೂನ್‌ನಲ್ಲಿ ಅವರ ಕೈಯ ಬಗ್ಗೆ, ಮೀಟರಿನ ಬಗ್ಗೆ ನಾನು ಬರೆದದ್ದು ಸುಳ್ಳು. ಆಗಸ್ಟ್‌ನಲ್ಲಿ ತಪ್ಪು ಗೊತ್ತಾದ ಮೇಲೂ ಮುಚ್ಚಿಟ್ಟೆ. ಜವಾಬ್ದಾರಿಯಿಂದ ಇಳಿಯುತ್ತಿದ್ದೇನೆ."

ಹಳೆಯ ಸಾಲುಗಳನ್ನು ಅಳಿಸಿಬಿಡಿ ಎಂದು ಒಬ್ಬರು ಕನಿಕರದಿಂದ ಸಲಹೆ ಕೊಟ್ಟರು. ಅಳಿಸಲು ಬರುವುದಿಲ್ಲ ಎಂದು ನಿಮಗೆ ಜಂಬದಿಂದ ಬರೆದವಳು ನಾನೇ. ಅದು ಅಲ್ಲೇ ಇರುತ್ತದೆ, ಇದು ಅದರ ಕೆಳಗೆ ಇರುತ್ತದೆ. ಮೇಷ್ಟ್ರಿಗೂ ಬೇರೆಯಾಗಿ ಬರೆದು, ಯಾವ ರೆಸಿಸ್ಟರ್ ಬದಲಾಯಿಸಬೇಕು ಎಂದು ತಿಳಿಸಿದ್ದೇನೆ. ಅವರೂ ಉತ್ತರ ಬರೆದಿಲ್ಲ.

ನಿಮ್ಮ ಅಣ್ಣನ ಮಗಳು


6 ಡಿಸೆಂಬರ್
24 ಡಿಗ್ರಿ

ಫ್ಯೂಸಮ್ಮನಿಗೆ,

ನಿನ್ನ ಅಕ್ಟೋಬರ್ ಕಾಗದ ಓದಿ ನಾಲ್ಕು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಐದನೆಯ ದಿನ ಬಾಯಿ ಬಿಟ್ಟೆ, ಬಂದದ್ದು ಬೈಗುಳ. ಇದ್ದವಳು ನಿನ್ನ ಚಿಕ್ಕಮ್ಮ ಒಬ್ಬಳೇ, ಅವಳೇ ತಿಂದಳು. "ನನ್ನನ್ನ ಯಾಕೆ ಬೈತೀರಿ, ಕಾಗದ ಬರೆದು ಬೈಯಿರಿ" ಅಂದಳು. ಬರೆಯಲು ಕೂತರೆ ಕೈ ಇನ್ನೂ ಹೆಚ್ಚು ನಡುಗಿತು. ಮೇಜು ಕುಂಟುತ್ತಿಲ್ಲ. ಯಾವತ್ತೂ ಕುಂಟಿರಲಿಲ್ಲ. ಸುಳ್ಳು ಮೊದಲು ಹೇಳಿದವನು ನಾನೇ ಅಂದುಕೊಂಡ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿ ಇಳಿಯಲಿಲ್ಲ.

ವಯಸ್ಸಾದವನು ಅಂದದ್ದಕ್ಕೆ ನನಗೆ ನೋವಿಲ್ಲ, ಆಗಿದೆ. ಗೊತ್ತಾದ ಮೇಲೂ ಸುಮ್ಮನಿದ್ದೆಯಲ್ಲ, ಅದು ನೋವು. ಇನ್ನೊಂದು ನಾಚಿಕೆ ನನ್ನದು. ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಕೈ ತಾಕದಂತೆ, ಒಂದೊಂದನ್ನೂ ಎರಡೆರಡು ಸಲ ನೋಡಿ ಬರೆದ ಅಂಕಿ. ಟೈಲರ್ ಎರಡು ಸಾಲು ಓದಿದ ತಕ್ಷಣ ಅದಷ್ಟೂ ತಪ್ಪು ಅಂತ ಒಪ್ಪಿಕೊಂಡುಬಿಟ್ಟೆ. ನನ್ನ ಹಾಳೆಗಳನ್ನು ವಾಪಸು ಕೇಳಿ ನೋಡಬೇಕು ಅಂತಲೂ ಅನ್ನಿಸಲಿಲ್ಲ. ನಲವತ್ತು ವರ್ಷದ ಕೆಲಸದ ಮೇಲೆ ನನಗಿದ್ದ ನಂಬಿಕೆ ಅಷ್ಟೇನಾ ಅಂತ ಈಗ ಕೇಳಿಕೊಳ್ಳುತ್ತಿದ್ದೇನೆ.

ಇಲ್ಲಿನ ಸಂಜೆ ಶಾಲೆಗೆ ಹೋಗಿ ಮೀಟರನ್ನು ವಾಪಸು ಕೇಳಿದೆ. ಕೊಟ್ಟದ್ದನ್ನು ಕೇಳುವುದೆಂದರೆ ನೆಲ ನೋಡಿಕೊಂಡೇ ನಿಲ್ಲಬೇಕು. ಅವರು ಅದನ್ನು ಗಾಜಿನ ಕಪಾಟಿನಲ್ಲಿ ಹಳೆಯ ಕಾಲದ ವಸ್ತು ಅಂತ ಚೀಟಿ ಅಂಟಿಸಿ ಇಟ್ಟಿದ್ದರು. ಚೀಟಿ ಕಿತ್ತು ತಂದೆ.

ಮೇಷ್ಟ್ರು ನನ್ನ ಕಾಗದಕ್ಕೆ ಉತ್ತರವಾಗಿ ಒಂದು ರೇಡಿಯೋವನ್ನೇ ಕಳಿಸಿದ್ದರು, "ನೀವೇ ನೋಡಿ" ಅಂತ ಒಂದು ಸಾಲು ಬರೆದು. ಒಂದು ತಿಂಗಳಿಂದ ಬಿಚ್ಚದೆ ಇಟ್ಟಿದ್ದೆ. ಮೊನ್ನೆ ಬಿಚ್ಚಿದೆ. ಯಾವುದೋ ಮಗು ಬೆಸುಗೆ ಹಾಕಿದೆ, ನೀನು ಮೊದಲು ಹಾಕುತ್ತಿದ್ದೆಯಲ್ಲ, ಹಾಗೇ ದಪ್ಪ ದಪ್ಪ. ನಾನು ಹೇಳುತ್ತಾ ಹೋದೆ, ನಿನ್ನ ಚಿಕ್ಕಮ್ಮ ಬೆಸುಗೆ ಕಡ್ಡಿ ಹಿಡಿದಳು. ರೆಸಿಸ್ಟರ್ ಬದಲಾಯಿತು, ಅವಳ ಮೇಜುಬಟ್ಟೆಗೆ ಒಂದು ತೂತೂ ಆಯಿತು. ಗುಂಡಿ ತಿರುಗಿಸಿದರೆ ಒಳಗೆ ಯಾರೋ ಕೆಮ್ಮಿದರು, ಆಮೇಲೆ ಮಾತಾಡಿದರು. ನಿನ್ನ ಚಿಕ್ಕಮ್ಮ ಹೆದರಿ ಕಡ್ಡಿ ಕೈಬಿಟ್ಟಳು. ನಿನ್ನೆ ಮೇಷ್ಟ್ರಿಗೆ ವಾಪಸು ಕಳಿಸಿದೆ. ಉಳಿದ ಮೂವತ್ತೊಂಬತ್ತನ್ನು ಮಕ್ಕಳೇ ಸರಿಮಾಡಲಿ ಅಂತ ಬರೆದಿದ್ದೇನೆ.

ಅಂಗಡಿ ಬಾಗಿಲು ತೆಗೆದಿದ್ದೇನೆ. ಕ್ಷಮಿಸಿದ್ದೇನೆ ಅಂತ ಬರೆಯಬೇಕೆಂದು ಎರಡು ಸಲ ಕೂತೆ, ಬರೆಯಲಾಗಲಿಲ್ಲ. ಅದಕ್ಕೆ ಇನ್ನೂ ಹೊತ್ತು ಬೇಕು. ಸುಳ್ಳು ಬರೆಯುವುದು ಬೇಡ ಅಂತ ಬಿಟ್ಟೆ.

ಇದರ ಜೊತೆ ಒಂಬತ್ತು ಹಾಳೆ ಇದೆ. ಅದೇ ಮೂವತ್ತೆರಡು ಟ್ರಾನ್ಸಿಸ್ಟರು, ಈ ಸಲ ತಂಪಿನಲ್ಲಿ. ಕಡ್ಡಿ ಹಿಡಿದದ್ದು ನಿನ್ನ ಚಿಕ್ಕಮ್ಮ, ಮುಳ್ಳು ನೋಡಿದ್ದು ನಾನು. ಅಳೆದವರು ಯಾರು ಅಂತ ಬರೆಯುವಾಗ ಅವಳನ್ನು ಬಿಟ್ಟರೆ ನಿನ್ನನ್ನು ಅವಳೇ ನೋಡಿಕೊಳ್ಳುತ್ತಾಳೆ. ಜವಾಬ್ದಾರಿ ಬಿಟ್ಟರೇನು, ತುಂಬಿಸುವವಳು ನೀನೇ. ಬೇರೆಯವರಿಗೆ ನಾನು ಕೊಡುವುದಿಲ್ಲ. ಅವಸರ ಬೇಡ, ಹನ್ನೊಂದು ದಿನ ಆದರೂ ಆಗಲಿ.

ಮೇಲೆ ಇಪ್ಪತ್ತನಾಲ್ಕು ಅಂತ ಬರೆದಿದ್ದೇನೆ. ಮೊದಲು ಅದನ್ನು ಓದು.

ಚಿಕ್ಕಪ್ಪ